ನಾಚಿಕೆ ಬೇಡ, ಪರೀಕ್ಷೆ ಬೇಕು

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳಿನಿಂದ ತಟ್ಟಿ ನೋಡದೆ ದುಡ್ಡು ಕೊಡುವುದಿಲ್ಲ. ಎತ್ತು ಕೊಳ್ಳುವ ರೈತ ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಬೆನ್ನ ಮೇಲೆ ಕೈ ಆಡಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಹೀಗೆ ಮುಟ್ಟಿ ನೋಡದೆ ಯಾವುದನ್ನೂ ನಂಬದ ನಾವು ನಮ್ಮ ದೇಹದ ವಿಷಯ ಬಂದಾಗ ಮಾತ್ರ ಬೇರೆ ಹಾದಿ ಹಿಡಿಯುತ್ತೇವೆ. ತೊಂದರೆ ಹೊಕ್ಕುಳಿನ ಕೆಳಗಿದ್ದರಂತೂ ಮುಗಿದೇ ಹೋಯಿತು. "ಪರೀಕ್ಷಾ ಏನೂ ಬ್ಯಾಡ್ರಿ ಡಾಕ್ಟರೇ, ಒಂದು ಸ್ಕ್ಯಾನಿಂಗ್ ಬರದ ಕೊಡ್ರಿ" ಎಂಬ ಮಾತು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎಲ್ಲ ಸಾಮಾನ್ಯ ವೈದ್ಯರಿಗೂ ಚೆನ್ನಾಗಿ ಪರಿಚಿತ.

ಸ್ಕ್ಯಾನಿಂಗ್ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ನಮ್ಮ ಕಾಲದ ದೊಡ್ಡ ವರ. ಆದರೆ ವೈದ್ಯರ ಕಣ್ಣು ಮತ್ತು ಕೈ ಮಾಡಬೇಕಾದ ಕೆಲಸವನ್ನು ಯಂತ್ರಕ್ಕೆ ವಹಿಸಿಕೊಟ್ಟು ರೋಗಿ ಮತ್ತು ವೈದ್ಯ ಇಬ್ಬರೂ ನಾಚಿಕೆಯಿಂದ ಪಾರಾಗುತ್ತಿದ್ದೇವೆ. ಮೂತ್ರಾಂಗಗಳ ಮತ್ತು ಜನನಾಂಗಗಳ ಪರೀಕ್ಷೆಗೆ ಬೇಕಾಗುವುದು ಒಂದು ಮಂಚ, ಒಂದು ಪರದೆ, ಒಂದು ಜೊತೆ ಕೈಗವಸು ಮತ್ತು ಸುಮಾರು ಹತ್ತು ನಿಮಿಷ. ಈ ಹತ್ತು ನಿಮಿಷವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು, ಕೊಡುವುದು ನಮ್ಮ ಕರ್ತವ್ಯ ಎಂಬುದೇ ಈ ವಾರದ ನನ್ನ ವಾದ.

ಮೊದಲು ಅಂಗಗಳ ಪರಿಚಯ

ಮೂತ್ರಪಿಂಡಗಳು ಎರಡು. ಬೆನ್ನೆಲುಬಿನ ಎಡಬಲಗಳಲ್ಲಿ, ಕೊನೆಯ ಪಕ್ಕೆಲುಬುಗಳ ಆಸರೆಯಲ್ಲಿ, ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಂತೆ ಇರುತ್ತವೆ. ಒಂದೊಂದೂ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ, 150 ಗ್ರಾಮಿನಷ್ಟು ತೂಕ. ಬಲಭಾಗದಲ್ಲಿ ಮೇಲೆ ಯಕೃತ್ತು ಕುಳಿತಿರುವುದರಿಂದ ಬಲ ಮೂತ್ರಪಿಂಡ ಸ್ವಲ್ಪ ಕೆಳಗಿರುತ್ತದೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಕೊಟ್ಟು, ಉಳಿದ ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಕಳಿಸುತ್ತವೆ.

ಮೂತ್ರಪಿಂಡದಿಂದ ಹೊರಟ ಮೂತ್ರ 25ರಿಂದ 30 ಸೆಂಟಿಮೀಟರ್ ಉದ್ದದ ನಾಳದ ಮೂಲಕ ಕೆಳಗಿಳಿದು ಮೂತ್ರಕೋಶ ಸೇರುತ್ತದೆ. ಈ ನಾಳ ಮೂರು ಕಡೆ ಕಿರಿದಾಗುತ್ತದೆ. ಕಲ್ಲು ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಲ್ಲಿಯೇ. ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುವ ಚೀಲ. ಅಲ್ಲಿಂದ ಹೊರದಾರಿ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದವಾದರೆ, ಹೆಂಗಸರಲ್ಲಿ ಕೇವಲ 4 ಸೆಂಟಿಮೀಟರ್. ಹೆಂಗಸರಿಗೆ ಉರಿಮೂತ್ರ ಹೆಚ್ಚಾಗಿ ಬರುವುದಕ್ಕೆ ಮುಖ್ಯ ಕಾರಣ ಈ ಗಿಡ್ಡ ದಾರಿಯೇ ಹೊರತು ಯಾರ ಶಾಪವೂ ಅಲ್ಲ, ನಡತೆಯ ದೋಷವೂ ಅಲ್ಲ. ಗಂಡಸರಲ್ಲಿ ಮೂತ್ರಕೋಶದ ಕೊರಳಿನ ಸುತ್ತ ಪ್ರೊಸ್ಟೇಟ್ ಎಂಬ ಗ್ರಂಥಿ ಇದೆ. ವಯಸ್ಸಾದಂತೆ ಬೆಳೆಯುವ ಗುಣ ಇದರದು.

ಪರೀಕ್ಷೆ ಹೇಗೆ ನಡೆಯುತ್ತದೆ?

ಒಳ್ಳೆಯ ವೈದ್ಯ ಕೆಳಹೊಟ್ಟೆಯಿಂದ ಪರೀಕ್ಷೆ ಶುರು ಮಾಡುವುದಿಲ್ಲ. ಮೊದಲು ನಿಮ್ಮ ಮುಖ ನೋಡುತ್ತಾನೆ. ಬೆಳಿಗ್ಗೆ ಕಣ್ಣ ಕೆಳಗೆ ಬಾವು ಬರುತ್ತದೆಯೇ, ಮೈ ಬಿಳಿಚಿಕೊಂಡಿದೆಯೇ ಎಂದು ಗಮನಿಸುತ್ತಾನೆ. ಹಲ್ಲು ನೋಡುತ್ತಾನೆ. ಮುಂಡರಗಿ ಭಾಗದ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕಂದುಪಟ್ಟೆ ಬಿದ್ದ ಹಲ್ಲು ಕಂಡರೆ ಯಾವ ನೀರು ಕುಡಿಯುತ್ತೀರಿ ಎಂದು ಕೇಳಲೇಬೇಕು. ಏಕೆಂದರೆ ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಮೂತ್ರಪಿಂಡಗಳೇ. ಅವು ಸೋತಿದ್ದರೆ ಅದು ಮೈಯಲ್ಲಿಯೇ ಉಳಿಯುತ್ತದೆ. ಆಮೇಲೆ ಕಾಲಿನ ಮುಂಗಣಕಾಲನ್ನು ಬೆರಳಿನಿಂದ ಒತ್ತಿ ಕುಳಿ ಬೀಳುತ್ತದೆಯೇ ನೋಡುವುದು, ರಕ್ತದೊತ್ತಡ ಅಳೆಯುವುದು. ಇವೂ ಮೂತ್ರಪಿಂಡದ ಪರೀಕ್ಷೆಯೇ.

ಮುಂದೆ ನಿಮ್ಮನ್ನು ಮಲಗಿಸಿ, ಮೊಣಕಾಲು ಮಡಚಲು ಹೇಳಿ, ಒಂದು ಕೈಯನ್ನು ಪಕ್ಕೆಲುಬಿನ ಕೆಳಗೆ ಬೆನ್ನಿಗೆ ಕೊಟ್ಟು ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಉಸಿರು ಎಳೆದುಕೊಳ್ಳಲು ಹೇಳುತ್ತಾರೆ. ಉಸಿರಿನೊಡನೆ ಮೂತ್ರಪಿಂಡ ಕೆಳಗಿಳಿಯುತ್ತದೆ. ಅದು ಊದಿಕೊಂಡಿದ್ದರೆ ಎರಡು ಕೈಗಳ ನಡುವೆ ಸಿಗುತ್ತದೆ. ಬಳಿಕ ಎಬ್ಬಿಸಿ ಕೂಡಿಸಿ, ಕೊನೆಯ ಪಕ್ಕೆಲುಬು ಬೆನ್ನೆಲುಬಿಗೆ ಸೇರುವ ಮೂಲೆಯಲ್ಲಿ ಮೆಲ್ಲಗೆ ಗುದ್ದಿ ನೋಡುತ್ತಾರೆ. ಅಲ್ಲಿ ಚುರುಕ್ಕೆಂದು ನೋವಾದರೆ, ಜೊತೆಗೆ ಚಳಿಜ್ವರವೂ ಇದ್ದರೆ ಸೋಂಕು ಮೂತ್ರಪಿಂಡವನ್ನೇ ಹತ್ತಿರಬಹುದು.

ನಮ್ಮಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ ಹೊಲಗಳಲ್ಲಿ ದಿನವಿಡೀ ಬಗ್ಗಿ ದುಡಿಯುವವರು, ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತೇ ದಿನ ಕಳೆಯುವವರು ನಡ ಹಿಡಿದುಕೊಂಡು ಬಂದು "ಕಿಡ್ನಿ ನೋವು" ಎನ್ನುತ್ತಾರೆ. ಇವುಗಳಲ್ಲಿ ಬಹುಪಾಲು ಸ್ನಾಯುಗಳ ನೋವು. ಬಗ್ಗಿದರೆ ಹೆಚ್ಚಾಗುವುದು, ಮಲಗಿದರೆ ಕಡಿಮೆಯಾಗುವುದು ಅದರ ಲಕ್ಷಣ. ಕಲ್ಲಿನ ನೋವು ಹಾಗಲ್ಲ. ಅದು ಪಕ್ಕೆಯಿಂದ ತೊಡೆಸಂದಿಗೆ ಹರಿಯುತ್ತದೆ, ರೋಗಿ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ, ಹೊರಳಾಡುತ್ತಾನೆ. ಈ ವ್ಯತ್ಯಾಸವನ್ನು ಯಾವ ಯಂತ್ರವೂ ಬರೆದು ಕೊಡುವುದಿಲ್ಲ. ಕೇಳಿ, ಮುಟ್ಟಿ, ನೋಡಿ ತಿಳಿಯಬೇಕು.

ಕೆಳಹೊಟ್ಟೆಯನ್ನು ತಟ್ಟುವುದು ಇನ್ನೊಂದು ಮುಖ್ಯ ಹಂತ. 1761ರಲ್ಲಿ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರು ತುಂಬಿದೆಯೇ ತಿಳಿಯುವ ಕ್ರಮವನ್ನು ಬರೆದಿಟ್ಟ. ಅವನ ತಂದೆ ಒಂದು ಛತ್ರವನ್ನು ನಡೆಸುತ್ತಿದ್ದ. ಪೀಪಾಯಿ ತಟ್ಟಿ ಅದರಲ್ಲಿ ಎಷ್ಟಿದೆ ಎಂದು ಅಂದಾಜು ಮಾಡುವುದು ಅಂಥ ಮನೆಯವರಿಗೆ ಗೊತ್ತಿದ್ದ ವಿದ್ಯೆ. ನಮ್ಮ ಹೆಣ್ಣುಮಗಳ ಮಡಕೆಯ ವಿದ್ಯೆಯೂ ಇದೇ ಜಾತಿಯದು. ಖಾಲಿ ಹೊಟ್ಟೆ ಡೋಲಿನಂತೆ ನುಡಿಯುತ್ತದೆ, ಮೂತ್ರ ತುಂಬಿ ಉಬ್ಬಿದ ಚೀಲ ಮಂಕಾಗಿ ನುಡಿಯುತ್ತದೆ.

ಇದರ ಬೆಲೆ ಏನೆಂದು ಒಂದು ಉದಾಹರಣೆಯಿಂದ ತಿಳಿಯಿರಿ. ಎಪ್ಪತ್ತು ದಾಟಿದ ಅಜ್ಜನಿಗೆ ಧೋತರದಲ್ಲಿ ಹನಿಹನಿಯಾಗಿ ಮೂತ್ರ ಹೋಗುತ್ತಿರುತ್ತದೆ. ಮನೆಯವರು ವಯಸ್ಸಾಯಿತು, ಹಿಡಿತ ಹೋಯಿತು ಎಂದು ಸುಮ್ಮನಾಗುತ್ತಾರೆ. ತಟ್ಟಿ ನೋಡಿದರೆ ಮೂತ್ರಕೋಶ ಹೊಕ್ಕುಳದವರೆಗೆ ಉಬ್ಬಿರುತ್ತದೆ! ಹನಿಯುತ್ತಿರುವುದು ಹಿಡಿತ ತಪ್ಪಿದ ಮೂತ್ರವಲ್ಲ, ಕಟ್ಟಿಕೊಂಡು ತುಂಬಿ ಹೊರಚೆಲ್ಲುತ್ತಿರುವ ಮೂತ್ರ. ಹೀಗೆಯೇ ಬಿಟ್ಟರೆ ಒತ್ತಡ ಮೇಲೇರಿ ಮೂತ್ರಪಿಂಡಗಳು ಕೆಡುತ್ತವೆ. ಒಂದು ರಬ್ಬರ್ ನಳಿಕೆ ಹಾಕಿದರೆ ಆ ಕ್ಷಣಕ್ಕೆ ಅಪಾಯ ತಪ್ಪುತ್ತದೆ, ಪ್ರೊಸ್ಟೇಟಿಗೆ ಚಿಕಿತ್ಸೆ ಆಮೇಲೆ.

ಗಂಡಸರೇ, ನಿಮಗೂ ನಾಚಿಕೆ ಕಡಿಮೆಯಿಲ್ಲ

ನಾಚಿಕೆ ಹೆಂಗಸರ ಸೊತ್ತು ಎಂದು ಯಾರು ಹೇಳಿದರು? ತೊಡೆಸಂದಿಯ ಬಾವನ್ನು ಹತ್ತು ವರ್ಷ ಧೋತರದಲ್ಲಿ ಮುಚ್ಚಿಟ್ಟುಕೊಂಡು ತಿರುಗುವವರು ಗಂಡಸರೇ. ಈ ಬಾವಿನ ಪರೀಕ್ಷೆ ಎಷ್ಟು ಸರಳ ನೋಡಿ. ನಿಲ್ಲಿಸಿ ಕೆಮ್ಮಲು ಹೇಳಿದಾಗ ಬಾವು ಕೈಗೆ ಗುದ್ದಿದರೆ ಹರ್ನಿಯಾ, ಅಂದರೆ ಕರುಳು ಜಾರಿರುವ ಸಾಧ್ಯತೆ. ಕತ್ತಲೆಯಲ್ಲಿ ಬಾವಿಗೆ ಬ್ಯಾಟರಿ ಹಿಡಿದಾಗ ಕೆಂಪಗೆ ಬೆಳಗಿದರೆ ಹೆಚ್ಚಾಗಿ ಒಳಗಿರುವುದು ನೀರು. ಬೆಳಕು ಹಾಯದ, ಗಟ್ಟಿಯಾದ, ನೋವಿಲ್ಲದ ಗಂಟು ವೃಷಣದಲ್ಲಿಯೇ ಇದ್ದರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಅಂಥ ಗಂಟು ಕ್ಯಾನ್ಸರ್ ಆಗಿರಬಹುದು, ಮತ್ತು ಬೇಗ ಸಿಕ್ಕರೆ ಬಹುಮಟ್ಟಿಗೆ ಗುಣವಾಗುವ ಕ್ಯಾನ್ಸರ್ ಅದು. ಎಡ ವೃಷಣ ಬಲಕ್ಕಿಂತ ಸ್ವಲ್ಪ ಕೆಳಗಿರುವುದು ಮಾತ್ರ ಸಹಜ. ಅದಕ್ಕಾಗಿ ಚಿಂತಿಸುತ್ತ ಗೋಡೆಬರಹದ ವೈದ್ಯರಿಗೆ ಹಣ ಸುರಿಯಬೇಡಿ.

ತುದಿಚರ್ಮ ಬಿರಿಯುವುದು, ಪದೇ ಪದೇ ತುರಿಕೆಯಾಗುವುದು ನಲವತ್ತು ದಾಟಿದವರಲ್ಲಿ ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮೊದಲ ಸೂಚನೆ. ಮುಲಾಮು ಹಚ್ಚುವುದಕ್ಕಿಂತ ಮೊದಲು ರಕ್ತದ ಸಕ್ಕರೆ ನೋಡಿಸಬೇಕು. ಆದರೆ ರೋಗಿ ತೋರಿಸದೆ ವೈದ್ಯರಿಗೆ ಅದು ಗೊತ್ತಾಗುವುದು ಹೇಗೆ?

ಪ್ರೊಸ್ಟೇಟ್ ಪರೀಕ್ಷೆಗೆ ಗುದದ್ವಾರದಲ್ಲಿ ಕೈಗವಸು ತೊಟ್ಟ ಬೆರಳನ್ನು ಹಾಕಿ ನೋಡಬೇಕಾಗುತ್ತದೆ. ಕೇಳಿದೊಡನೆ ಮುಖ ಕಿವುಚುವವರೇ ಹೆಚ್ಚು. ಅರ್ಧ ನಿಮಿಷದ ಕೆಲಸ, ನೋವಿಗಿಂತ ಮುಜುಗರವೇ ಜಾಸ್ತಿ. ಕೈಯ ಹೆಬ್ಬೆರಳ ಬುಡದ ಮಾಂಸದಷ್ಟು ಮೆದುವಾಗಿದ್ದರೆ ಸಾಮಾನ್ಯ ಸ್ಥಿತಿ. ಬೆರಳ ಗಂಟಿನಂತೆ ಕಲ್ಲಾಗಿದ್ದರೆ ಕ್ಯಾನ್ಸರ್ ಸಂಶಯ. ಮುಟ್ಟಿದರೆ ಚೀರುವಂತಿದ್ದರೆ ಸೋಂಕು. ಸ್ಕ್ಯಾನ್ ವರದಿಯಲ್ಲಿ ಪ್ರೊಸ್ಟೇಟ್ ದೊಡ್ಡದಾಗಿದೆ ಎಂದು ಬರೆದಿರುವುದನ್ನು ಓದಿ ಗಾಬರಿಯಾಗುವವರು ಒಂದು ಮಾತು ತಿಳಿದಿರಲಿ. ಗಾತ್ರಕ್ಕೂ ತೊಂದರೆಗೂ ನೇರ ಸಂಬಂಧವಿಲ್ಲ. ದೊಡ್ಡ ಗ್ರಂಥಿಯಿದ್ದೂ ಸುಖವಾಗಿರುವವರಿದ್ದಾರೆ, ಚಿಕ್ಕ ಗ್ರಂಥಿಯಿದ್ದೂ ಮೂತ್ರ ಕಟ್ಟಿ ಒದ್ದಾಡುವವರಿದ್ದಾರೆ. ಚಿಕಿತ್ಸೆ ರೋಗಿಗೆ ಬೇಕು, ವರದಿಗೆ ಅಲ್ಲ.

ತಾಯಂದಿರು ತಿಳಿದಿರಬೇಕಾದ ಆರು ಗಂಟೆ

ಹದಿವಯಸ್ಸಿನ ಹುಡುಗ ಒಮ್ಮೆಲೇ ಕೆಳಹೊಟ್ಟೆ ನೋವೆಂದು ಅಳುತ್ತಾನೆ, ವಾಂತಿ ಮಾಡುತ್ತಾನೆ. ಎಲ್ಲಿ ನೋವು ಎಂದು ನಿಜ ಹೇಳಲು ತಾಯಿಯ ಮುಂದೆ ನಾಚಿಕೆ. ಅಜೀರ್ಣವೆಂದು ಒಂದು ಸೂಜಿ ಚುಚ್ಚಿಸಿ ಮಲಗಿಸುತ್ತಾರೆ. ಬೆಳಗಾಗುವಷ್ಟರಲ್ಲಿ ವೃಷಣ ಸತ್ತುಹೋಗಿರುತ್ತದೆ! ವೃಷಣವು ತನ್ನ ತೊಟ್ಟಿನ ಮೇಲೆ ತಿರುಚಿಕೊಂಡು ರಕ್ತ ನಿಂತುಹೋಗುವ ಈ ಸ್ಥಿತಿಯಲ್ಲಿ ನೋವು ಶುರುವಾದ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಹೆಚ್ಚಿನ ಹುಡುಗರಲ್ಲಿ ಅದು ಉಳಿಯುತ್ತದೆ. ನಂತರ ಗಂಟೆಗಂಟೆಗೂ ಆಸೆ ಕುಗ್ಗುತ್ತದೆ.

ಇದನ್ನು ಸಂಶಯಿಸಲು ಬೇಕಾಗುವುದು ಚಡ್ಡಿ ಬಿಚ್ಚಿಸಿ ನೋಡುವ ಒಂದು ನಿಮಿಷ. ವೃಷಣ ಮೇಲಕ್ಕೆ ಸೇದಿಕೊಂಡು ಅಡ್ಡಲಾಗಿರುತ್ತದೆ. ಮುಟ್ಟಗೊಡುವುದಿಲ್ಲ. ತೊಡೆಯ ಒಳಭಾಗವನ್ನು ಗೀರಿದರೆ ಆ ಕಡೆಯ ವೃಷಣ ತಟ್ಟನೆ ಮೇಲೇರುವುದು ಸಹಜ. ತಿರುಚಿಕೊಂಡಾಗ ಸಾಮಾನ್ಯವಾಗಿ ಅದು ಅಲ್ಲಾಡುವುದಿಲ್ಲ. ಆದ್ದರಿಂದ ಕೆಳಹೊಟ್ಟೆ ನೋವಿನ ಪ್ರತಿಯೊಬ್ಬ ಹುಡುಗನ ವೃಷಣಗಳನ್ನೂ ನೋಡಲೇಬೇಕು. ಮುಂಡರಗಿಯಿಂದ ಗದಗಕ್ಕೆ ಸುಮಾರು 40 ಕಿಲೋಮೀಟರ್, ಗದಗದಿಂದ ಹುಬ್ಬಳ್ಳಿಗೆ ಸುಮಾರು 60. ಬಸ್ಸು ಕಾಯುವ ಹೊತ್ತನ್ನೂ ಆ ಆರು ಗಂಟೆಯಲ್ಲಿಯೇ ಎಣಿಸಬೇಕು. ಲಕ್ಷಣ ಸ್ಪಷ್ಟವಾಗಿದ್ದರೆ ಸ್ಕ್ಯಾನಿಂಗ್ ಸರದಿಗಾಗಿ ಕೂಡುವುದೂ ತಪ್ಪು. ನೇರವಾಗಿ ಶಸ್ತ್ರವೈದ್ಯರಿರುವ ಕಡೆ ಹೋಗಬೇಕು.

ಗಂಡುಮಗು ಹುಟ್ಟಿದಾಗ ಎರಡೂ ವೃಷಣಗಳು ಚೀಲದಲ್ಲಿವೆಯೇ ಎಂದು ನೋಡಿಸಿ. ಇಲ್ಲದಿದ್ದರೆ ಆರು ತಿಂಗಳವರೆಗೆ ಕಾಯಬಹುದು. ಆಗಲೂ ಇಳಿಯದಿದ್ದರೆ ಒಂದು, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. "ದೊಡ್ಡಾಂವ ಆದ ಮ್ಯಾಲೆ ತಾನಽ ಇಳೀತದ" ಎಂಬ ಮಾತು ನಂಬಬೇಡಿ. ಚಿಕ್ಕ ಮಕ್ಕಳ ತುದಿಚರ್ಮ ಹಿಂದೆ ಸರಿಯದಿರುವುದು ಸಹಜ. ಎಣ್ಣೆ ಹಚ್ಚಿ ಬಲವಂತದಿಂದ ಎಳೆಯಬೇಡಿ.

ಹೆಣ್ಣುಮಕ್ಕಳ ಮೌನ

ನಮ್ಮ ಎರೆಭೂಮಿಯ ಬಿಸಿಲಿನಲ್ಲಿ ದುಡಿಯುವ ಹೆಂಗಸರು ಹೊಲದಲ್ಲಿ ಮರೆಯಿಲ್ಲವೆಂದು ನೀರೇ ಕುಡಿಯುವುದಿಲ್ಲ. ಬಸ್ಸಿನ ಪ್ರಯಾಣದಲ್ಲಿಯೂ ಹಾಗೆಯೇ. ಕುಡಿದ ನೀರು ಕಡಿಮೆ, ಕಟ್ಟಿಕೊಂಡ ಮೂತ್ರ ಹೆಚ್ಚು. ಉರಿಮೂತ್ರ ಬರದೆ ಇನ್ನೇನಾದೀತು? ಇದಕ್ಕೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿ, ಎರಡು ದಿನಕ್ಕೆ ಬಿಟ್ಟು, ಮತ್ತೆ ಶುರು ಮಾಡುವುದರಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ.

ಇನ್ನು ಗರ್ಭಕೋಶ ಜಾರುವ ತೊಂದರೆ. ನಾಲ್ಕಾರು ಹೆತ್ತು, ಹೊರೆ ಹೊತ್ತು ಬಾಳಿದ ಎಷ್ಟೋ ತಾಯಂದಿರು ಇದನ್ನು ಗಂಡನಿಗೂ ಹೇಳದೆ ವರ್ಷಗಟ್ಟಲೆ ಸಹಿಸುತ್ತಾರೆ. ಮಲಗಿಸಿ ಮಾಡುವ ಸ್ಕ್ಯಾನಿಂಗ್‌ನಲ್ಲಿ ಇದು ಕಾಣದೆ ಹೋಗಬಹುದು. ಕೆಮ್ಮಿಸಿ, ಮುಕ್ಕಿಸಿ ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಸ್ನಾಯು ಬಿಗಿಯುವ ವ್ಯಾಯಾಮ, ಒಳಗಿಡುವ ಬಳೆಯಂಥ ಸಾಧನ, ಬೇಕಾದರೆ ಶಸ್ತ್ರಚಿಕಿತ್ಸೆ ಹೀಗೆ ಪರಿಹಾರಗಳು ಇವೆ.

ಪರೀಕ್ಷೆಯಿಲ್ಲದೆ ಕತ್ತರಿ ಹಾಕಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪಾಯ. ಬಿಳುಪು ಹೋಗುತ್ತದೆ, ಹೊಟ್ಟೆ ನೋವು ಎಂದಷ್ಟಕ್ಕೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ಸುತ್ತ ಇದ್ದಾರೆ. ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದ ತಾಂಡಾಗಳ ಹೆಣ್ಣುಮಕ್ಕಳು ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ದೂರಿ, ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಸರಕಾರ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ಆದೇಶಿಸಿತು. ಒಳಪರೀಕ್ಷೆ ಮಾಡದೆ ಯಾರಾದರೂ ಗರ್ಭಕೋಶ ತೆಗೆಸಲು ಹೇಳಿದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಬೇಡಿ.

30ರಿಂದ 65 ವರ್ಷದ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ಸರಕಾರದ ಕಾರ್ಯಕ್ರಮವೇ ಹೇಳುತ್ತದೆ. ಗರ್ಭಕೊರಳಿಗೆ ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂಥ ದ್ರಾವಣ ಹಚ್ಚಿ ಒಂದು ನಿಮಿಷ ಕಾದು ಬೆಳ್ಳಗಿನ ಮಚ್ಚೆ ಮೂಡುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವ ಪರೀಕ್ಷೆ ಅದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಎಂದು ತಿಳಿಯುತ್ತದೆ.

ವೈದ್ಯರ ಪಾಲಿನ ಮಾತು

ತಪ್ಪೆಲ್ಲ ರೋಗಿಗಳದ್ದೇ ಎಂದರೆ ಅನ್ಯಾಯವಾದೀತು. ಹೊರಗೆ ಅರವತ್ತು ಜನ ಕಾದಿರುವಾಗ ಹತ್ತು ನಿಮಿಷ ಕೊಡುವುದು ಕಷ್ಟವೆಂದು ನಾವು ವೈದ್ಯರು ಹೇಳಿಕೊಳ್ಳುತ್ತೇವೆ. ಎಷ್ಟೋ ದವಾಖಾನೆಗಳಲ್ಲಿ ಒಬ್ಬರನ್ನು ನೋಡುವಾಗ ಇನ್ನಿಬ್ಬರು ಮೇಜಿನ ಮುಂದೆಯೇ ನಿಂತಿರುತ್ತಾರೆ. ಮಂಚಕ್ಕೆ ಪರದೆಯಿಲ್ಲ, ಹೆಂಗಸರ ಜೊತೆ ನಿಲ್ಲಲು ನರ್ಸ್ ಇಲ್ಲ. ಇಂಥಲ್ಲಿ ಯಾರು ಬಟ್ಟೆ ಸಡಿಲಿಸುತ್ತಾರೆ? ಗಂಡು ವೈದ್ಯರಿಗೆ ಅಪವಾದದ ಭಯವೂ ಉಂಟು. ಇದಕ್ಕೆ ಮದ್ದು ಪರೀಕ್ಷೆಯನ್ನು ಬಿಡುವುದಲ್ಲ, ಕ್ರಮವಾಗಿ ಮಾಡುವುದು. ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಪರದೆ ಎಳೆಯಬೇಕು, ಬೇಕಾದಷ್ಟೇ ಭಾಗವನ್ನು ತೆರೆಯಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ಗಂಡು ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂದು ಕೇಳುವುದು ಆಕೆಯ ಹಕ್ಕು. ಗದಗದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಕಲಿತು ಬರುವ ಯುವ ವೈದ್ಯರು ಯಂತ್ರದ ಜೊತೆಗೆ ಕೈಯನ್ನೂ ನಂಬಲಿ ಎಂಬುದು ನನ್ನ ಹಾರೈಕೆ.

ಕೈಗೂ ಮಿತಿಯಿದೆ

ಕೈಯೊಂದರಿಂದಲೇ ಎಲ್ಲವೂ ತಿಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಹೋದರೆ, ಅದೂ ನಲವತ್ತು ದಾಟಿದವರಿಗೆ, ಒಂದೇ ಸಲ ಹೋಗಿ ನಿಂತಿದ್ದರೂ ಸ್ಕ್ಯಾನಿಂಗ್ ಆಗಲೇಬೇಕು. ದುರ್ಬೀನು ಹಾಕಿ ಮೂತ್ರಕೋಶ ನೋಡುವುದೂ ಬೇಕಾಗಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರ ಮೂತ್ರಪಿಂಡ ಸದ್ದಿಲ್ಲದೆ ಸೋಲುತ್ತದೆ. ನೋವೂ ಇಲ್ಲ, ಬಾವೂ ಇಲ್ಲ. ಅವರಿಗೆ ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು. ಆದರೆ ಪರೀಕ್ಷೆ ಮೊದಲು, ಯಂತ್ರ ಆಮೇಲೆ. ಏನು ಹುಡುಕಬೇಕೆಂದು ತಿಳಿದು ಮಾಡಿಸಿದ ಸ್ಕ್ಯಾನಿಂಗ್ ಉತ್ತರ ಕೊಡುತ್ತದೆ. ಸುಮ್ಮನೆ ಮಾಡಿಸಿದ್ದು ಹೆದರಿಕೆ ಕೊಡುತ್ತದೆ. ವಯಸ್ಸಾದವರ ಮೂತ್ರಪಿಂಡದಲ್ಲಿ ಕಾಣುವ ಸಾದಾ ನೀರುಗುಳ್ಳೆ, ತಾನಾಗಿಯೇ ಹೋಗಬಹುದಾದ 4 ಮಿಲಿಮೀಟರಿನ ಕಲ್ಲು, ಇವುಗಳ ವರದಿ ಕೈಯಲ್ಲಿ ಹಿಡಿದು ನಿದ್ದೆಗೆಟ್ಟವರು ಕಡಿಮೆಯೇನಲ್ಲ.

ಮುಂದಿನ ಸಲ ದವಾಖಾನೆಗೆ ಹೋದಾಗ ಇಷ್ಟು ಮಾಡಿ.

1. ತೊಂದರೆ ಎಲ್ಲಿದೆಯೋ ಅಲ್ಲಿಯೇ ಇದೆ ಎಂದು ಹೇಳಿ. ಕೆಳಗಿನ ನೋವನ್ನು ಹೊಟ್ಟೆನೋವು ಎಂದು ಮರೆಮಾಚಬೇಡಿ.

2. "ಮಲಗಿಸಿ ಪರೀಕ್ಷೆ ಮಾಡಿ" ಎಂದು ನೀವಾಗಿಯೇ ಕೇಳಿ. ಕೇಳುವುದು ಅವಿಧೇಯತೆಯಲ್ಲ.

3. ಪರದೆ ಇಲ್ಲದಿದ್ದರೆ ಪರದೆ ಕೇಳಿ. ಹೆಣ್ಣುಮಕ್ಕಳು ಜೊತೆಗೆ ಒಬ್ಬ ಮಹಿಳೆಯನ್ನು ನಿಲ್ಲಿಸಿಕೊಳ್ಳಿ.

4. ಪರೀಕ್ಷೆಯಲ್ಲಿ ಏನು ಕಂಡಿತು, ಸ್ಕ್ಯಾನಿಂಗ್ ಯಾವುದಕ್ಕಾಗಿ ಎಂದು ವಿಚಾರಿಸಿ.

5. ಹುಡುಗನಿಗೆ ಒಮ್ಮೆಲೇ ವೃಷಣದ ನೋವು ಬಂದರೆ, ಮೂತ್ರ ಪೂರ್ತಿ ಕಟ್ಟಿದರೆ, ಮೂತ್ರದ ತೊಂದರೆಯ ಜೊತೆ ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯೇ ಹೊರಡಿ.

ವೈದ್ಯರ ಮುಂದೆ ದೇಹದ ಯಾವ ಭಾಗವೂ ಕೀಳಲ್ಲ, ಯಾವುದೂ ಮೇಲಲ್ಲ. ಕಣ್ಣು ನೋಯುವಾಗ ಕಣ್ಣು ತೆರೆದು ತೋರಿಸುವವರು ಇಲ್ಲಿಯೂ ಹಾಗೆಯೇ ತೋರಿಸಬೇಕು. ನಾಚಿಕೆ ಒಂದು ಗಳಿಗೆಯದು. ತಡಮಾಡಿದ ರೋಗದ ಜೊತೆ ಬಾಳಬೇಕಾದದ್ದು ವರ್ಷಗಟ್ಟಲೆ.